ಬೂಟಿನ ದಾರ ಕಟ್ಟಲಾರದಾಂವ ಮತ್ತ ಲಿವರ್‌ನ್ಯಾಗಿನ ಸಕ್ಕರಿ

ನಮ್ಮ ಓಣ್ಯಾಗ ಈಗ ಮೂರು ಮನಿಯವರು ಅನ್ನ ಬಿಟ್ಟಾರ. ಇಬ್ಬರು ರಾತ್ರಿ ಊಟ ಬಿಟ್ಟಾರ. ಒಬ್ಬಾಕಿ ಅಂತೂ ಮುಂಜಾನೆ ಚಾ ಬಿಟ್ಟು ಕಾಫಿಯಾಗ ಬೆಣ್ಣಿ ಹಾಕ್ಕೊಂಡು ಕುಡೀಲಿಕತ್ತಾಳ. ಕೇಳಿದ್ರ ಎಲ್ಲಾರದೂ ಒಂದ ಮಾತು: "ತೂಕ ಇಳೀಬೇಕಂದ್ರ ಮದಲ ಶುಗರ್ ಹಿಡಿತದಾಗ ಬರಬೇಕ್ರಿ, ಇದು ಹೊಸಾ ವಿಜ್ಞಾನ." ಶುಗರ್‌ಗೂ ತೂಕಕ್ಕೂ ಸಂಬಂಧ ಅದ ಅನ್ನೋದು ಖರೇನ. ಹೊಸಾದು ಅನ್ನೋ ಮಾತಿಗೆ ಮಾತ್ರ ನಾ ಒಪ್ಪೂದಿಲ್ಲ. ಈ ವಿಚಾರಕ್ಕ ನೂರಾ ಅರವತ್ತು ವರ್ಷ ಆಗಿ ಹೋದ್ವು. ಅದು ಎಲ್ಲಿಂದ ಬಂತು, ಯಾರ ಕೈಯಾಗ ಹಾದು ಬಂತು ಅನ್ನೋದು ಗೊತ್ತಾದ್ರ, ಯಾವುದನ್ನ ನಂಬಬೇಕು ಯಾವುದನ್ನ ಬಿಡಬೇಕು ಅನ್ನೋದು ಸ್ವಲ್ಪ ಹಗುರ ಆಗ್ತದ. ಅದಕ್ಕ ಈ ಸಲ ಅಡಗಿ ಬಿಟ್ಟು ಇತಿಹಾಸ ಬರೀಲಿಕತ್ತೀನಿ. ನಡಕ ನಡಕ ಅಡಗೀನೂ ಬರ್ತದ, ಬಿಡ್ರಿ.

ಕಥಿ ಲಂಡನ್ನಿಂದ ಸುರು ಆಗ್ತದ. ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬ ಶ್ರೀಮಂತ ವ್ಯಾಪಾರಸ್ಥ. ವ್ಯಾಪಾರ ಏನಂದ್ರ ಹೆಣದ ಪೆಟ್ಟಿಗಿ ಮಾಡಿಸೂದು, ದೊಡ್ಡವರ ಅಂತ್ಯಸಂಸ್ಕಾರ ನಡಸೂದು. ಸಣ್ಣ ಅಂಗಡಿ ಅಲ್ಲ ಮತ್ತ. 1852ರಾಗ ವೆಲ್ಲಿಂಗ್ಟನ್ ಡ್ಯೂಕ್ ಸತ್ತಾಗ, 1861ರಾಗ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಸತ್ತಾಗ, ಆ ಕೆಲಸ ಇದ ಮನೆತನಕ್ಕ ಬಂದಿತ್ತು. (ಶ್ರೀರಂಗಪಟ್ಟಣಕ್ಕ ಟಿಪ್ಪುನ ಮ್ಯಾಲೆ ಬಂದಿದ್ದ ವೆಲ್ಲೆಸ್ಲಿ ಇದ್ನಲ್ಲ, ಅವನ ಮುಂದ ಈ ಡ್ಯೂಕ್ ಆದಾಂವ.) ಬ್ಯಾಂಟಿಂಗನ ಎತ್ತರ ಐದು ಫೂಟು ಐದು ಇಂಚು. 1862ರ ಆಗಸ್ಟ್ ತಿಂಗಳದಾಗ ತೂಕ 202 ಪೌಂಡು, ನಮ್ಮ ಲೆಕ್ಕದಾಗ 92 ಕಿಲೋದ ಹತ್ತಿರ ಹತ್ತಿರ. ವಯಸ್ಸು ಅರವತ್ತೈದು ದಾಟಿತ್ತು. ಬಗ್ಗಿ ಬೂಟಿನ ದಾರ ಕಟ್ಟಲಿಕ್ಕೆ ಆಗ್ತಿರಲಿಲ್ಲ. ಪಾವಟಿಗಿ ಇಳೀಬೇಕಾದ್ರ ಮೊಣಕಾಲಿಗೆ ಭಾರ ಬೀಳಬಾರದು ಅಂತ ಹಿಮ್ಮುಖ ಆಗಿ ಒಂದೊಂದ ಹೆಜ್ಜಿ ಇಳೀತಿದ್ದ. ನಮ್ಮ ಮನ್ಯಾಗ ದೊಡ್ಡ ಮೌಶಿ ಅಟ್ಟದಿಂದ ಇಳಿಯೋದು ನೆನಪ ಆತು ನನಗ, ಥೇಟ್ ಹಂಗ.

ಇವ ಸುಮ್ನ ಕೂತಾಂವ ಅಲ್ಲ. ಡಾಕ್ಟರ ಗೆಳೆಯಾ ಒಬ್ಬ "ಮೈ ದಂಡಿಸು" ಅಂದ. ಇವ ದಿನಾ ನಸುಕಿನ್ಯಾಗ ಎದ್ದು ನದ್ಯಾಗ ದೋಣಿ ಹುಟ್ಟು ಹಾಕಿದ. ತೋಳಿಗೆ ಬಲ ಬಂತು, ಅದರ ಕೂಡ ಹಸಿವಿನೂ ಬಂತು. ಹೊಟ್ಟಿ ತುಂಬ ತಿಂದ, ತೂಕ ಮತ್ತ ಏರಿತು. ಟರ್ಕಿ ಸ್ನಾನ ಅಂತ ಉಗಿಯಾಗ ಕೂಡೋದು ಆತು, ಅದರಾಗ ಇಳಿದದ್ದು ಬರೇ ಆರು ಪೌಂಡು. ಊರೂರಿನ ಬಿಸಿನೀರಿನ ಬುಗ್ಗಿ, ಔಷಧ, ಎಲ್ಲಾ ಆದ್ವು. ಕಡೀಕೆ ಕಿವಿ ಕೇಳಿಸೋದು ಕಡಿಮಿ ಆತು ಅಂತ ಕಿವಿ ಡಾಕ್ಟರ ಕಡೆ ಹೋದ. ಆ ಡಾಕ್ಟರನ ಹೆಸರು ವಿಲಿಯಂ ಹಾರ್ವಿ. (ರಕ್ತ ಮೈಯಾಗೆಲ್ಲಾ ಹರಿದಾಡ್ತದ ಅಂತ ಕಂಡು ಹಿಡಿದ ಹಾರ್ವಿ ಬ್ಯಾರೆ, ಅಂವ ಅದಕ್ಕೂ ಇನ್ನೂರು ವರ್ಷ ಹಿಂದಿನವ.) ಹಾರ್ವಿ ನೋಡಿದ, ಗಂಟಲದ ಒಳಗ ಕೊಬ್ಬು ತುಂಬಿ ಕಿವಿಯ ನಳಿಗಿ ಒತ್ತಿಕೊಂಡದ ಅಂದ. ಕಿವಿಗೆ ಔಷಧ ಕೊಡಲಿಲ್ಲ. ಬ್ರೆಡ್ಡು, ಬೆಣ್ಣಿ, ಹಾಲು, ಸಕ್ಕರಿ, ಬಿಯರು, ಬಟಾಟಿ, ಈ ಆರನ್ನ ಬಿಡು ಅಂದ.

ಬ್ಯಾಂಟಿಂಗನ ಹಳೇ ಊಟಾ ಕೇಳಿದ್ರ ನಿಮಗ ನಗು ಬರ್ತದ. ಮುಂಜಾನೆ ಹಾಲಾಗ ಬ್ರೆಡ್ಡು, ಇಲ್ಲಾ ಹಾಲು ಸಕ್ಕರಿ ಹಾಕಿದ ಚಾ, ಬೆಣ್ಣಿ ಹಚ್ಚಿ ಸುಟ್ಟ ಬ್ರೆಡ್ಡು. ಮಧ್ಯಾಹ್ನ ಮಾಂಸದ ಕೂಡ ಬ್ರೆಡ್ಡು, ಬಿಯರು, ಸಿಹಿ ಕಡುಬಿನಂಥಾ ತಿನಿಸು. ಸಂಜಿಗೆ ಮುಂಜಾನೀದ ಮತ್ತ. ರಾತ್ರಿಗೆ ಹಣ್ಣಿನ ಸಿಹಿ, ಇಲ್ಲಾ ಮತ್ತ ಹಾಲು ಬ್ರೆಡ್ಡು. ಮಾಂಸ ತಗದು ಅದರ ಜಾಗಾದಾಗ ಒಂದಿಷ್ಟು ಬ್ಯಾಳಿ ಇಡ್ರಿ, ಬಿಯರು ತಗದು ಇನ್ನೊಂದ ಕಪ್ಪು ಚಾ ಇಡ್ರಿ, ಬ್ರೆಡ್ಡಿನ ಬದಲಿ ಅವಲಕ್ಕಿ, ಉಪ್ಪಿಟ್ಟು, ಅನ್ನ. ನಮ್ಮ ಮನಿಗಳ ಊಟಾನ ಅದು.

ಹೊಸಾ ಪದ್ಧತ್ಯಾಗ ದಿನಕ್ಕ ನಾಕು ಹೊತ್ತು ಮಾಂಸ ಇಲ್ಲಾ ಮೀನು, ತರಕಾರಿ (ಬಟಾಟಿ ಒಂದು ಬಿಟ್ಟು), ಸ್ವಲ್ಪ ಹಣ್ಣು, ಒಂದು ಚೂರು ಒಣ ಬ್ರೆಡ್ಡು, ಹಾಲು ಸಕ್ಕರಿ ಇಲ್ಲದ ಚಾ. ಮತ್ತ ವೈನು. ಅದರಾಗ ಏನೂ ಕಂಜೂಸತನ ಇರಲಿಲ್ಲ! ಒಂದು ವರ್ಷದಾಗ 46 ಪೌಂಡು, ಅಂದ್ರ 21 ಕಿಲೋದ ಹತ್ತಿರ ಇಳಿದ. ಸೊಂಟ 12 ಇಂಚಿನ ಮ್ಯಾಲೆ ಕಡಿಮಿ ಆತು. ಪಾವಟಿಗಿ ಮುಂದ ಮುಖ ಮಾಡಿ ಇಳದ, ಬೂಟಿನ ದಾರ ತಾನ ಕಟ್ಟಿದ, ಕಿವಿನೂ ಸುಧಾರಿಸಿತು. ಆ ಖುಷಿಗೆ 1863ರಾಗ ತನ್ನ ಸ್ವಂತ ರೊಕ್ಕಾ ಹಾಕಿ, 'ಸ್ಥೂಲಕಾಯದ ಬಗ್ಗೆ ಒಂದು ಪತ್ರ' ಅಂತ ಸಣ್ಣ ಪುಸ್ತಕ ಛಾಪಿಸಿ ಪುಕ್ಕಟೆ ಹಂಚಿದ. ಮುಂದ ಮಾರಾಟಕ್ಕ ಬಂದಾಗ ಬಂದ ಲಾಭಾನೂ ದಾನ ಮಾಡಿದ. ಇದು ನನಗ ಭಾಳ ಸೇರಿದ್ದು. ಈಗಿನವರಂಗ ಪುಡಿ ಡಬ್ಬಿ ಮಾರಲಿಕ್ಕೆ ಕೂಡಲಿಲ್ಲ.

ಪುಸ್ತಕ ಎಷ್ಟು ಓಡಿತು ಅಂದ್ರ, ಇಂಗ್ಲಿಷಿನ್ಯಾಗ ಪಥ್ಯ ಮಾಡೂದಕ್ಕ 'ಬ್ಯಾಂಟ್' ಅನ್ನೋ ಕ್ರಿಯಾಪದನ ಹುಟ್ಟಿತು. ಇಂಗ್ಲಿಷರು ಅದನ್ನ ಮರತ್ರು. ಸ್ವೀಡನ್ನಿನವರು ಇವತ್ತಿಗೂ ತೂಕ ಇಳಿಸೂದಕ್ಕ 'ಬಾಂಟಾ' ಅಂತಾರ.

ಈಗ ಕೇಳ್ರಿ, ಕಿವಿ ಡಾಕ್ಟರಗ ಈ ಆರು ಪದಾರ್ಥ ಯಾಕ ಹೊಳೀಬೇಕು? ಅಲ್ಲೇ ಶುಗರ್ ಬರ್ತದ. ಹಾರ್ವಿ 1856ರಾಗ ಪ್ಯಾರಿಸ್ಸಿಗೆ ಹೋಗಿದ್ದ. ಅಲ್ಲೆ ಕ್ಲಾಡ್ ಬರ್ನಾರ್ಡ್ ಅನ್ನೋ ಪಂಡಿತನ ಸಿದ್ಧಾಂತದ ಮ್ಯಾಲೆ ಚರ್ಚಾ ನಡದಿತ್ತು. ಆ ಕಾಲದಾಗ ಎಲ್ಲಾರೂ ತಿಳಕೊಂಡಿದ್ದು ಏನಂದ್ರ, ಸಕ್ಕರಿ ಮಾಡೂದು ಗಿಡದ ಕೆಲಸ, ಪ್ರಾಣಿಗಳು ಅದನ್ನ ತಿಂದು ಸುಡ್ತಾವ ಅಷ್ಟ. ಬರ್ನಾರ್ಡ್ ನಾಯಿಗೆ ಬರೇ ಮಾಂಸ ತಿನಿಸಿ ನೋಡಿದ, ಒಂದು ಹರಳು ಸಕ್ಕರಿ ಇಲ್ಲ, ಒಂದು ಚೂರು ಬ್ರೆಡ್ಡಿಲ್ಲ. ಆದ್ರೂ ಲಿವರ್‌ನಿಂದ ಹೊರಗ ಬರೋ ರಕ್ತದಾಗ ಸಕ್ಕರಿ ಇತ್ತು! ಇದು 1848ರ ಮಾತು. ಆಮ್ಯಾಲೆ 1855ರಾಗ ಒಂದು ಲಿವರ್ ತಗದು, ರಕ್ತನಾಳದಾಗ ನೀರು ಹಾಯಿಸಿ ಸಕ್ಕರಿ ಪೂರಾ ತೊಳದು ಹೋಗೂ ತನಕಾ ತೊಳದ. ಮರುದಿನ ನೋಡಿದ್ರ ಅದರಾಗ ಮತ್ತ ಸಕ್ಕರಿ. ಅಂದ್ರ ಲಿವರ್‌ನ್ಯಾಗ ಏನೋ ಒಂದು ಕೂಡಿಟ್ಟ ಪದಾರ್ಥ ಅದ, ಅದು ಕರಗಿ ಸಕ್ಕರಿ ಆಗ್ತದ ಅಂತ ಆತು. 1857ರಾಗ ಅದನ್ನ ಬ್ಯಾರೆ ಮಾಡಿ ತಗದು ಗ್ಲೈಕೋಜನ್ ಅಂತ ಹೆಸರಿಟ್ಟ. ಆ ಹೆಸರಿನ ಅರ್ಥನ ಸಕ್ಕರಿ ಹುಟ್ಟಿಸೋದು ಅಂತ.

ಬರ್ನಾರ್ಡನ ಮನಿ ಕಥಿ ಒಂದು ಹೇಳಿ ಮುಂದ ಹೋಗ್ತೀನಿ. ಅವನ ಓದು, ಸಂಶೋಧನಾ ಎಲ್ಲಾ ನಡದದ್ದು ಹೆಂಡತಿ ತಂದ ವರದಕ್ಷಿಣಿಯ ರೊಕ್ಕದ ಮ್ಯಾಲೆ. ಆಕಿಗೆ ನಾಯಿಗಳನ್ನ ಕೊಯ್ಯೋದು ಸೇರಲಿಲ್ಲ. ಕಡೀಕೆ ಗಂಡ ಹೆಂಡತಿ ಬ್ಯಾರೆ ಆದ್ರು, ಆಕಿ ಪ್ರಾಣಿಗಳ ಮ್ಯಾಲಿನ ಪ್ರಯೋಗದ ವಿರುದ್ಧ ನಿಂತಳು. ಇವತ್ತು ನಮ್ಮ ಶುಗರ್ ಗುಳಿಗಿಯ ಬೇರು ಆ ನಾಯಿಗಳೊಳಗ ಅದ, ಆಕಿಯ ಸಿಟ್ಟೂ ಖರೇದ. ಎರಡೂ ಖರೇ ಇರಬಹುದು.

ಹಾರ್ವಿ ಪ್ಯಾರಿಸ್ಸಿನಿಂದ ಮರಳಿ ಬರೂಮುಂದ ಹಿಂಗ ಲೆಕ್ಕಾ ಹಾಕಿದ: ಸಕ್ಕರಿ ರೋಗದವರಿಗೆ ಸಿಹಿ, ಹಿಟ್ಟಿನ ಪದಾರ್ಥ ಬಿಡಿಸಿದ್ರ ಮೂತ್ರದಾಗ ಸಕ್ಕರಿ ಕಡಿಮಿ ಆಗ್ತದ. ದನಾ ಹಂದಿ ಕೊಬ್ಬಿಸಬೇಕಾದ್ರ ರೈತರು ತಿನಿಸೋದು ಹಿಟ್ಟು ಸಿಹಿ ಇದ್ದದ್ದನ್ನ. ಹಂಗಾದ್ರ ಕೊಬ್ಬಿದ ಮನುಷ್ಯಾಗೂ ಸಕ್ಕರಿ ರೋಗದ ಪಥ್ಯಾನ ಯಾಕ ಕೊಡಬಾರದು? ಬ್ಯಾಂಟಿಂಗ್ ಬಂದಾಗ ಅದನ್ನ ಮಾಡಿ ನೋಡಿದ. ಉಳದ ಡಾಕ್ಟರರು ಹಾರ್ವೀನ್ನ ಚಾಷ್ಟಿ ಮಾಡಿದ್ರು. ಪದ್ಧತಿ ಕೆಲಸಾ ಮಾಡಿತ್ತು, ಕಾರಣ ಮಾತ್ರ ಸರಿಯಾಗಿ ಯಾರಿಗೂ ತಿಳೀಲಿಲ್ಲ. ನನ್ನ ಅನಿಸಿಕಿ ಏನಂದ್ರ, ಬಿಯರು ಬ್ರೆಡ್ಡು ಸಕ್ಕರಿ ಹೋದ ಮ್ಯಾಲೆ ಬ್ಯಾಂಟಿಂಗನ ತಾಟಿನ್ಯಾಗ ತಿನ್ನೂದ ಕಡಿಮಿ ಆತು, ಹಸಿವಿನೂ ಕಾಡಲಿಲ್ಲ. ಎರಡೂ ಕೂಡಿ ಇಳಿಸಿದ್ವು.

ಮೂತ್ರ ಸಿಹಿ ಆಗೋ ರೋಗ ಅಂತೂ ನಮ್ಮವರಿಗೆ ಎಂದೋ ಗೊತ್ತಿತ್ತು. ಮಧುಮೇಹ ಅನ್ನೋ ಹೆಸರ ಸಾಕ್ಷಿ. ಸುಶ್ರುತ ಸಂಹಿತಾದಾಗ ಹುಟ್ಟಿನಿಂದ ಬರೋದು ಒಂದು, ತಪ್ಪು ಆಹಾರದಿಂದ ಬರೋದು ಒಂದು ಅಂತ ಎರಡು ತರಾ ಮಾಡ್ಯಾರ. ಮದಲನೇದರಾಗ ರೋಗಿ ಬಡಕಲು, ಎರಡನೇದರಾಗ ದಪ್ಪ, ಕೂತಲ್ಲೆ ಕೂಡೋ ನಿದ್ದಿಗೇಡಿ. ಎರಡನೇದಕ್ಕ ಹೇಳಿದ ಉಪಾಯದಾಗ ದೂರ ದೂರ ನಡಿಯೋದು, ದನಾ ಕಾಯೋದು, ಬಾವಿ ತೋಡೋದು ಬರ್ತಾವ. ಯುರೋಪಿನ್ಯಾಗ ಮೂತ್ರದಾಗಿನದು ಖರೇನ ಸಕ್ಕರಿ ಅಂತ 1776ರಾಗ ತೋರಿಸಿದಾಂವ ಲಿವರ್‌ಪೂಲಿನ ಡಾಕ್ಟರ್ ಮ್ಯಾಥ್ಯೂ ಡಾಬ್ಸನ್. ಮೂತ್ರ ಕಾಸಿ ಬತ್ತಿಸಿದ, ತಳದಾಗ ಉಳದ ಬಿಳಿ ಪುಡಿ ಸಕ್ಕರಿ ಆಗಿತ್ತು. ರಕ್ತಾನೂ ಸಿಹಿ ಅದ ಅಂತ ಅವನ ಹೇಳಿದ.

ಈಗ ಮೈಯೊಳಗ ಏನು ನಡೀತದ ಅಂತ ನಮ್ಮ ಮನಿ ಲೆಕ್ಕದಾಗ ಹೇಳ್ತೀನಿ. ನಮ್ಮ ಅಜ್ಜಿಯ ಊರಾಗ ಜ್ವಾಳ ಎರಡು ಕಡೆ ಇರ್ತಿತ್ತು. ದಿನಾ ಬೀಸಲಿಕ್ಕೆ ಬೇಕಾದ್ದು ಅಡಗಿಮನಿ ಡಬ್ಬ್ಯಾಗ. ವರ್ಷದ್ದು ಅಂಗಳದಾಗ ಹಗೇವಿನ್ಯಾಗ, ಮ್ಯಾಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ. ಹಗೇವು ದಿನಾ ತಗಿಯೋದಲ್ಲ. ಲಿವರ್‌ನ ಗ್ಲೈಕೋಜನ್ ಡಬ್ಬಿ ಇದ್ದಂಗ, ಸಣ್ಣದು, ನೂರು ಗ್ರಾಮಿನ ಆಸುಪಾಸು. ಮೈಯಾಗಿನ ಕೊಬ್ಬು ಹಗೇವು ಇದ್ದಂಗ. ಉಂಡ ಮ್ಯಾಲೆ ರಕ್ತದಾಗ ಸಕ್ಕರಿ ಏರ್ತದ, ಇನ್ಸುಲಿನ್ ಬರ್ತದ. ಅದು ಸಕ್ಕರಿಯನ್ನ ಒಳಗ ಸೇರಸ್ತದ, ಮತ್ತ ಹಗೇವಿನ ಕಲ್ಲು ಗಟ್ಟಿಯಾಗಿ ಮುಚ್ಚಿ ಇಡ್ತದ. ಊಟ ಊಟದ ನಡಕ ಇನ್ಸುಲಿನ್ ಇಳಿದಾಗ ಮದಲ ಡಬ್ಬಿ ತೆರೀತದ. ಹೊತ್ತು ಏರಿದಂಗ ಹಗೇವಿನ ಮುಚ್ಚಳಾನೂ ಸರೀತದ. ಗ್ಲೈಕೋಜನ್ ಒಂದು ಗ್ರಾಮಿಗೆ ಮೂರು ಗ್ರಾಮಿನ ಹತ್ತಿರ ನೀರು ಹಿಡಕೊಂಡಿರ್ತದ. ಅದಕ್ಕ ಅನ್ನ ಬಿಟ್ಟ ಮದಲನೇ ವಾರದಾಗ ಕಾಟಾದ ಮ್ಯಾಲೆ ಎರಡು ಕಿಲೋ ಇಳದದ್ದು ಭಾಳಷ್ಟು ನೀರು. ಸಂಭ್ರಮ ಪಡೋದು ಪಡ್ರಿ, ಆದ್ರ ಮೂರನೇ ವಾರದಾಗ ನಿಂತಿತು ಅಂತ ಅಳಬ್ಯಾಡ್ರಿ.

ಇನ್ಸುಲಿನ್ ಅಂದೆ. ಅದಿಲ್ಲದಿದ್ರ ಏನಾಗ್ತದ ಅಂತ ತಿಳಿಯೋದು ಆ ಮಕ್ಕಳ ಕಥಿಯಿಂದ. 1922ರ ಮದಲ ಮಕ್ಕಳಿಗೆ ಈ ರೋಗ ಬಂತಂದ್ರ ಸಾವು ಅಂತ ಅರ್ಥ. ಎಷ್ಟ ತಿಂದ್ರೂ ಮೈಗೆ ಹತ್ತೂದಿಲ್ಲ, ಹಗೇವು ಬಾಯಿ ತಕ್ಕೊಂಡು ಬರಿದಾಗ್ತದ. ಅಮೆರಿಕಾದಾಗ ಡಾಕ್ಟರ್ ಫ್ರೆಡರಿಕ್ ಅಲೆನ್ ಅಂತ ಇದ್ದ, ಅವನ ಉಪಾಯ ಉಪವಾಸ ಕೆಡವೋದು. ಹಸಿವಿನಿಂದ ಸಾಯೋದನ್ನ ಸ್ವಲ್ಪ ಮುಂದೂಡೋದು ಅಷ್ಟ. ಅವನ ಕಡೆ ಎಲಿಜಬೆತ್ ಹ್ಯೂಸ್ ಅನ್ನೋ ಹುಡುಗಿ ಇದ್ದಳು, ಅಮೆರಿಕಾದ ದೊಡ್ಡ ಮಂತ್ರಿ ಚಾರ್ಲ್ಸ್ ಇವಾನ್ಸ್ ಹ್ಯೂಸನ ಮಗಳು. ಮೂರು ವರ್ಷ ಆ ಅರೆಹೊಟ್ಟಿ ಪಥ್ಯ ಮಾಡಿ, 1922ರ ಆಗಸ್ಟಿನ್ಯಾಗ ಟೊರೊಂಟೊಕ್ಕ ಬಂದಾಗ ತೂಕ 45 ಪೌಂಡು. ಹದಿನೈದು ತುಂಬೋ ಹುಡುಗಿ, ಇಪ್ಪತ್ತು ಕಿಲೋ. ನಮ್ಮ ಮನಿ ಆರು ವರ್ಷದ ಕೂಸಿನ ತೂಕ ಅದು. ತಾಯಿಯ ಎದಿ ಏನಾಗಿರಬೇಕು.

ಟೊರೊಂಟೊದಾಗ ಹಿಂದಿನ ವರ್ಷ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಅನ್ನೋವರು ಮ್ಯಾಕ್ಲಿಯಡ್ ಅನ್ನೋ ಪ್ರೊಫೆಸರರ ಪ್ರಯೋಗಶಾಲಾದಾಗ ಇನ್ಸುಲಿನ್ ತಗದಿದ್ರು. ಮತ್ತ ಬ್ಯಾಂಟಿಂಗ್! ನಮ್ಮ ಬೂಟಿನ ದಾರದವನ ದೂರದ ಸಂಬಂಧಿ ಅಂತ ಹೇಳ್ತಾರ. 1922ರ ಜನವರಿ 11ಕ್ಕ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗಗ ಮದಲನೇ ಸೂಜಿ ಚುಚ್ಚಿದ್ರು, ಅದು ಶುದ್ಧ ಇರಲಿಲ್ಲ. ಕಾಲಿಪ್ ಅನ್ನೋವರು ಶುದ್ಧ ಮಾಡಿದ ಮ್ಯಾಲೆ 23ಕ್ಕ ಚುಚ್ಚಿದ್ದು ನಾಟಿತು. ಎಲಿಜಬೆತ್‌ಗೂ ಸಿಕ್ಕಿತು. ಆಕಿ ತಾಯಿಗೆ ಬರೆದ ಪತ್ರದ ತುಂಬ ಇವತ್ತು ಏನು ತಿಂದೆ ಅನ್ನೋದ ಮಾತು. ಮೈ ಕೈ ತುಂಬಿದಳು, ಲಗ್ನಾ ಆದಳು, ಮೂರು ಮಕ್ಕಳು ಆದ್ರು, 1981ರ ತನಕಾ ಬದುಕಿದಳು. ಸೂಜಿ ಚುಚ್ಚಿದ್ದಕ್ಕ ಬರೇ ಸಕ್ಕರಿ ಇಳೀಲಿಲ್ಲ, ತೂಕ ಏರಿತು, ಅದನ್ನ ಗಮನಿಸ್ರಿ. ಮುಂದ ಕೆಲವು ಡಾಕ್ಟರರು ಬಡಕಲು ಮಂದಿಗೆ ಮೈ ತುಂಬಲಿ ಅಂತ ಇನ್ಸುಲಿನ್ ಕೊಟ್ಟೂ ನೋಡಿದ್ರು. ಇನ್ಸುಲಿನ್ ಕೂಡಿಡೋ ಹಾರ್ಮೋನು ಅನ್ನೋದು ಅಲ್ಲಿಂದ ಗಟ್ಟಿ ಆತು.

ಲಿವರ್‌ಗೂ ಸ್ನಾಯುವಿಗೂ ನಡಕ ಸಕ್ಕರಿ ಹೆಂಗ ತಿರುಗಾಡ್ತದ ಅಂತ ತೋರಿಸಿದವರು ಗಂಡ ಹೆಂಡತಿ, ಗರ್ಟಿ ಕೋರಿ ಮತ್ತ ಕಾರ್ಲ್ ಕೋರಿ. ಗರ್ಟಿಗೆ ವರ್ಷಗಟ್ಟಲೆ ಗಂಡನ ಪಗಾರದ ಒಂದು ಸಣ್ಣ ಪಾಲು ಕೊಟ್ಟು ದುಡಿಸಿಕೊಂಡ್ರು. 1947ರಾಗ ವೈದ್ಯಶಾಸ್ತ್ರದ ನೊಬೆಲ್ ಬಂತು, ಆ ಬಹುಮಾನ ತಗೊಂಡ ಮದಲನೇ ಹೆಣ್ಮಗಳು ಆಕಿ. ಎರಡನೇಯಾಕಿ ರೊಸಾಲಿನ್ ಯಾಲೊ, 1977ರಾಗ. ನನಗ ಈ ಯಾಲೊ ಅಂದ್ರ ಭಾಳ ಅಭಿಮಾನ. ಓದಿದ್ದು ಭೌತಶಾಸ್ತ್ರ. ನ್ಯೂಯಾರ್ಕಿನ ಬ್ರಾಂಕ್ಸ್‌ನ್ಯಾಗ ಮಾಜಿ ಸೈನಿಕರ ದವಾಖಾನ್ಯಾಗ ಕಸಬರಿಗಿ ಬಕೆಟ್ ಇಡೋ ಖೋಲಿಯನ್ನ ಪ್ರಯೋಗಶಾಲಾ ಮಾಡಿಕೊಂಡು ಕೆಲಸಾ ಸುರು ಮಾಡಿದಳು. ಮನ್ಯಾಗ ಯಹೂದಿ ಮಡಿ ಅಡಗಿ ತಪ್ಪಿಸಲಿಲ್ಲ, ಎರಡು ಮಕ್ಕಳನ್ನ ಬೆಳೆಸಿದಳು. ಆಕಿ, ಆಕಿಯ ಜೊತಿಗಾರ ಸಾಲೊಮನ್ ಬರ್ಸನ್ ಕೂಡಿ ರಕ್ತದಾಗ ಇನ್ಸುಲಿನ್ ಎಷ್ಟದ ಅಂತ ಅಳಿಯೋ ರೀತಿ ಕಂಡು ಹಿಡದ್ರು. ಮದಲನೇ ಲೇಖನಾನ ಒಂದು ದೊಡ್ಡ ಪತ್ರಿಕಾ ತಿರಸ್ಕಾರ ಮಾಡಿತ್ತು. ನೊಬೆಲ್ ಭಾಷಣದಾಗ ಇನ್ನೊಂದು ಪತ್ರಿಕಾದ ತಿರಸ್ಕಾರದ ಪತ್ರಾನ ಎಲ್ಲಾರಿಗೂ ತೋರಿಸಿದಳು! ಇಂಥಾ ಛಲಾ ಇರಬೇಕು.

ಅವರು ಅಳದಾಗ ಏನು ಕಂಡ್ರು? ವಯಸ್ಸಾದ ಮ್ಯಾಲೆ ಶುಗರ್ ಬಂದ ಭಾಳ ಮಂದಿಯ ರಕ್ತದಾಗ ಇನ್ಸುಲಿನ್ ಕಡಿಮಿ ಇರಲಿಲ್ಲ, ಹೆಚ್ಚಿಗಿ ಇತ್ತು. 1936ರಾಗ ಲಂಡನ್ನಿನ ಹಿಮ್ಸ್‌ವರ್ತ್ ಅನ್ನೋವರು ಇದನ್ನ ಊಹಿಸಿದ್ರು. ಕೀಲಿಕೈ ಅದ, ಕುಲುಪು ಜಂಗ ಹಿಡದದ. ಮೈ ಇನ್ನಷ್ಟು ಇನ್ಸುಲಿನ್ ಮಾಡ್ತದ, ಹಗೇವಿನ ಕಲ್ಲು ಹಗಲೆಲ್ಲಾ ಮುಚ್ಚಿರ್ತದ. "ಎಷ್ಟ ಕಡಿಮಿ ತಿಂದ್ರೂ ಇಳಿವಲ್ದು" ಅಂತ ನಮ್ಮ ಹೆಣ್ಮಕ್ಕಳು ಅಂತಾರಲ್ಲ, ಅದು ಪೂರಾ ಸುಳ್ಳಲ್ಲ. ಪೂರಾ ಖರೇನೂ ಅಲ್ಲ, ಮುಂದ ಹೇಳ್ತೀನಿ.

ಅಳಿಯೋ ಇನ್ನೊಂದು ದಾರಿ ಕ್ಯಾಲರಿ. ಅದರ ಬೇರು ಫ್ರಾನ್ಸಿನ ಲಾವೋಸಿಯೆ. ಉಸಿರಾಟ ಅಂದ್ರ ನಿಧಾನ ಉರಿ ಅಂತ ತೋರಿಸಿದಾಂವ. ಅವನ ಹೆಂಡತಿ ಮರಿ ಆನ್ ಪ್ರಯೋಗದ ಚಿತ್ರಾ ಬರದಾಳ, ಮೂಲ್ಯಾಗ ಮೇಜಿನ ಮುಂದ ಟಿಪ್ಪಣಿ ಬರಕೋತ ತಾನೂ ಕೂತಾಳ. ಕ್ಯಾಲರಿ ಅನ್ನೋ ಮಾತನ್ನ ಅಡಗಿಮನಿಗೆ ತಂದಾಕಿನೂ ಹೆಣ್ಮಗಳ, ಲೂಲು ಹಂಟ್ ಪೀಟರ್ಸ್ ಅನ್ನೋ ಅಮೆರಿಕಾದ ಡಾಕ್ಟರು. 1918ರಾಗ ಪುಸ್ತಕ ಬರದಳು, ಒಂದು ತುಂಡು ಬ್ರೆಡ್ಡು ಅನಬ್ಯಾಡ್ರಿ, ನೂರು ಕ್ಯಾಲರಿ ಬ್ರೆಡ್ಡು ಅನ್ರಿ ಅಂತ ಕಲಿಸಿದಳು. ಬ್ಯಾಂಟಿಂಗನ ಮಂದಿ ಒಂದು ಕಡೆ, ಲೂಲುನ ಮಂದಿ ಒಂದು ಕಡೆ. ಅವತ್ತು ಹತ್ತಿದ ಜಗಳ ಇನ್ನೂ ಮುಗದಿಲ್ಲ.

ಕ್ಯಾಲರಿ ಲೆಕ್ಕದಾಗ ಒಂದು ಕುತ್ತು ಅದ. ಅಮೆರಿಕಾದ ಮಿನೆಸೋಟಾದಾಗ ಆನ್ಸೆಲ್ ಕೀಸ್ ಅನ್ನೋವರು ಯುದ್ಧದ ಕಡೇ ಹೊತ್ತಿನ್ಯಾಗ, 1944-45ರಾಗ, 36 ಹರೇದ ಹುಡುಗರಿಗೆ ಆರು ತಿಂಗಳು ಅರೆಹೊಟ್ಟಿ ಊಟಾ ಕೊಟ್ರು. ಯುದ್ಧಕ್ಕ ಹೋಗೂದಿಲ್ಲ ಅಂದ ಹುಡುಗರು ಅವರು, ತಾವಾಗೇ ಒಪ್ಪಿ ಬಂದಿದ್ರು. ತೂಕ ನಾಕರಾಗ ಒಂದು ಪಾಲು ಇಳೀತು. ಆದ್ರ ಮೈಯೂ ಒಲಿ ಉರಿ ಸಣ್ಣ ಮಾಡಿತು. ಕೈಕಾಲು ತಣ್ಣಗ, ನಾಡಿ ನಿಧಾನ, ಹಗಲೂ ರಾತ್ರಿ ಊಟದ್ದ ಚಿಂತಿ, ಅಡಗಿ ಪುಸ್ತಕ ಓದಿಕೋತ ಕೂಡೋರು. ಮತ್ತ ಊಟಾ ಕೊಟ್ಟಾಗ ಕೊಬ್ಬು ಮದಲ ಬಂತು. 2016ರಾಗ ಕೆವಿನ್ ಹಾಲ್ ಅನ್ನೋವರು, ಟೀವಿ ಸ್ಪರ್ಧಾದಾಗ ಭಾಳ ತೂಕ ಇಳಿಸಿದ 14 ಮಂದಿಯನ್ನ ಆರು ವರ್ಷ ಬಿಟ್ಟು ನೋಡಿದ್ರು. ಭಾಳಷ್ಟು ತೂಕ ಮರಳಿ ಬಂದಿತ್ತು, ಮೈ ಉರಿ ಮಾತ್ರ ದಿನಕ್ಕ 500 ಕ್ಯಾಲರಿಯ ಆಸುಪಾಸು ಕಡಿಮೀನ ಉಳದಿತ್ತು. ಲಗ್ನದ ಮುಂದ ಒಂದು ತಿಂಗಳದಾಗ ಹತ್ತು ಕಿಲೋ ಇಳಿಸ್ತೀನಿ ಅನ್ನೋ ಹುಡುಗ್ಯಾರಿಗೆ ಇದನ್ನ ಓದಿ ಹೇಳ್ರಿ.

1981ರಾಗ ಟೊರೊಂಟೊದಾಗನ ಡೇವಿಡ್ ಜೆಂಕಿನ್ಸ್ ಅನ್ನೋವರು 62 ಪದಾರ್ಥ ತಿನಿಸಿ, ತಿಂದ ಮ್ಯಾಲೆ ರಕ್ತದ ಸಕ್ಕರಿ ಎಷ್ಟು ಏರ್ತದ ಅಂತ ಪಟ್ಟಿ ಮಾಡಿದ್ರು. ಬಿಳಿ ಬ್ರೆಡ್ಡು, ಬಟಾಟಿ ಮ್ಯಾಲೆ, ಬ್ಯಾಳಿ ಕಾಳು ಎಲ್ಲಾಕ್ಕಿಂತ ಕೆಳಗ. ನಮ್ಮ ಉಪ್ಪಾಸದ ತಾಟು ನೆನಸ್ಕೋರಿ: ಸಾಬೂದಾಣಿ ಖಿಚಡಿ, ಬಟಾಟಿ ಪಲ್ಯ, ಬಾಳಿಹಣ್ಣು. ದೇವರ ಹೆಸರಿಲೆ ಹಿಟ್ಟಿನ ಮ್ಯಾಲೆ ಹಿಟ್ಟು. ಮಡಕಿಕಾಳಿನ ಉಸುಳಿ, ಜ್ವಾಳದ ಭಕ್ರಿ, ಹಸೀ ಉಳ್ಳಾಗಡ್ಡಿ ಉಂಡ ದಿನಾನ ಹೊಟ್ಟಿಗೆ ಹೆಚ್ಚು ಹಿತ.

ಇನ್ನು ನಮ್ಮ ಸುದ್ದಿ. ನಮ್ಮ ಅವ್ವ 46 ಕಿಲೋ ಇದ್ದಳು. ಜೀವಮಾನದಾಗ ಐವತ್ತು ಮುಟ್ಟಲಿಲ್ಲ. ಭಾಳ ದಣಿವು, ನೀರಡಿಕಿ ಅಂತ ಎರಡು ವರ್ಷ ಅಂದಳು. ತೋರಿಸಿದ ಡಾಕ್ಟರು ಆಕೀನ್ನ ಮ್ಯಾಲಿಂದ ಕೆಳಗ ನೋಡಿ, "ಇಷ್ಟು ಬಡಕಲು ಇದ್ದವರಿಗೆ ಶುಗರ್ ಎಲ್ಲಿಂದ ಬರಬೇಕು" ಅಂತ ಟಾನಿಕ್ ಬರದುಕೊಟ್ರು. ನಾವೂ ಸಮಾಧಾನ ಆದ್ವಿ. ಹಿಮ್ಮಡಿಯ ಗಾಯ ಮಾಯಲಿಲ್ಲ ಅಂತ ಬ್ಯಾರೆ ಕಡೆ ತೋರಿಸಿದಾಗ, ಉಣ್ಣೂಕಿಂತ ಮದಲಿನ ಶುಗರ್ 260. ಎರಡು ಬೆರಳು ತಗೀಬೇಕಾತು.

ಇದು ಯಾಕ ಹಿಂಗ ಅನ್ನೋದಕ್ಕ ಉತ್ತರ ಹುಡುಕಿದವರು ಪುಣೆದ ಕೆಇಎಂ ದವಾಖಾನಿಯ ಡಾಕ್ಟರ್ ಯಾಜ್ಞಿಕ್. 1993ರಿಂದ ಪುಣೆದ ಹತ್ತಿರದ ಆರು ಹಳ್ಳಿಯ ಬಸರಿ ಹೆಣ್ಮಕ್ಕಳನ್ನ ನೋಡಿಕೋತ ಬಂದ್ರು. ತಾಯಂದಿರ ತೂಕ ಸರಾಸರಿ 42 ಕಿಲೋದ ಆಸುಪಾಸು. ಹುಟ್ಟಿದ ಕೂಸು ಸರಾಸರಿ 2.7 ಕಿಲೋ, ಇಂಗ್ಲಂಡಿನ ಸೌತಾಂಪ್ಟನ್ನಿನ ಕೂಸು 3.5. ನಮ್ಮ ಕೂಸುಗಳಿಗೆ ಸ್ನಾಯು ಕಡಿಮಿ, ಎಲ್ಲಾ ಸಣ್ಣದು, ಆದ್ರ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮಿ ಇರಲಿಲ್ಲ. ನೋಡಲಿಕ್ಕೆ ತೆಳ್ಳಗ, ಒಳಗ ಕೊಬ್ಬು. 2004ರಾಗ ಯಾಜ್ಞಿಕರು ಮತ್ತ ಅವರ ಲಂಡನ್ನಿನ ಗೆಳೆಯಾ ಯುಡ್ಕಿನ್ ಒಂದು ಪತ್ರಿಕಾದಾಗ ತಮ್ಮದ ಫೋಟೋ ಹಾಕಿದ್ರು. ಇಬ್ಬರದೂ ಎತ್ತರ ತೂಕದ ಲೆಕ್ಕಾ, ಬಿಎಂಐ, 22.3. ಒಂದ ನಮೂನಿ. ಮೈಯಾಗಿನ ಕೊಬ್ಬು ಯುಡ್ಕಿನ್‌ರದು ನೂರಕ್ಕ 9.1, ಯಾಜ್ಞಿಕರದು 21.2. ಆ ಚಿತ್ರಾ ನೋಡಿದಾಗ ನನಗ ಅವ್ವನ್ನ ನೆನಸಿ ಕಣ್ಣಾಗ ನೀರು ಬಂತು.

ನಮ್ಮ ರಾಜ್ಯದಾಗೂ ಇಂಥಾ ಕೆಲಸಾ ಆಗ್ಯದ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಶನ್ ದವಾಖಾನ್ಯಾಗ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲಿ ಸುತ್ತಳತಿ ಬರದಿಟ್ಟಿದ್ರು. ಅರವತ್ತು ವರ್ಷದ ಮ್ಯಾಲೆ ಆ ಹಳೇ ದಫ್ತರ ತಗದು, ಆ ಕೂಸುಗಳು ಈಗ ಹೆಂಗಿದ್ದಾರ ಅಂತ ಹುಡುಕಿ ನೋಡಿದ್ರು. ಹುಟ್ಟಿದಾಗ ಗಿಡ್ಡ ಇದ್ದು ಮೈ ದಪ್ಪ ಇದ್ದವರಿಗೆ, ತಾಯಿ ತೂಕ ಹೆಚ್ಚಿಗಿ ಇದ್ದವರಿಗೆ ಶುಗರ್ ಹೆಚ್ಚು ಬಂದಿತ್ತು. ಹೆರಿಗಿ ಖೋಲ್ಯಾಗ ಕೂತು ಬರಕೊಂಡ ಆ ಹೆಣ್ಮಕ್ಕಳಿಗೆ ಇದು ಮುಂದ ಏನು ಉಪಯೋಗ ಆಗ್ತದ ಅಂತ ಏನು ಕಲ್ಪನಾ ಇರಬೇಕು? ಚಂದಾಗಿ ಬರದಿಟ್ರು, ಅಷ್ಟ.

ಹಿಂಗಾಗಿ ನಮ್ಮ ದೇಶದ ಡಾಕ್ಟರರು ನಮಗ ಬ್ಯಾರೆ ಅಳತಿ ಇಟ್ಟಾರ. ಬಿಎಂಐ 23 ದಾಟಿದ್ರ ತೂಕ ಹೆಚ್ಚು, 25 ದಾಟಿದ್ರ ಬೊಜ್ಜು. ಹೆಣ್ಮಕ್ಕಳ ಸೊಂಟ 80 ಸೆಂಟಿಮೀಟರು ದಾಟಬಾರದು. ಜಂಪರ್ ಹೊಲಿಯೋ ಟೇಪು ಎಲ್ಲಾರ ಮನ್ಯಾಗ ಅದ.

ಹಂಗಾದ್ರ ಅನ್ನ ಬಿಡೋದು ಛಲೋನೋ, ಎಣ್ಣಿ ಬಿಡೋದು ಛಲೋನೋ? 2018ರಾಗ ಸ್ಟ್ಯಾನ್‌ಫರ್ಡಿನವರು 609 ಮಂದಿಯನ್ನ ಎರಡು ಪಾಲು ಮಾಡಿ ಒಂದು ವರ್ಷ ನೋಡಿದ್ರು. ಕೊಬ್ಬು ಕಡಿಮಿ ತಿಂದವರು ಸರಾಸರಿ 5.3 ಕಿಲೋ ಇಳದ್ರು, ಹಿಟ್ಟು ಸಕ್ಕರಿ ಕಡಿಮಿ ತಿಂದವರು 6. ಅದೊಂದು ದೊಡ್ಡ ಅಂತರ ಅಲ್ಲ. ಇನ್ಸುಲಿನ್ ಹೆಚ್ಚು ಬರೋರಿಗೆ ಈ ಪಥ್ಯ, ಕಡಿಮಿ ಬರೋರಿಗೆ ಆ ಪಥ್ಯ ಅಂತ ಮದಲ ಹೇಳಲಿಕ್ಕೂ ಬರಲಿಲ್ಲ. ನಮ್ಮ ಓಣಿಯ ಅನ್ನ ಬಿಟ್ಟವರು, ಎಣ್ಣಿ ಬಿಟ್ಟವರು ಇನ್ನ ಮ್ಯಾಲೆ ಜಗಳಾ ಆಡಬಾರದು ಅಂತ ಇದನ್ನ ಬರದೆ. ಯಾರಿಗೆ ಯಾವುದು ವರ್ಷಗಟ್ಟಲೆ ನಡಸಲಿಕ್ಕೆ ಆಗ್ತದೋ ಅವರು ಅದನ್ನ ನಡಸ್ರಿ.

ಶುಗರ್ ಇದ್ದವರದು ಮಾತ್ರ ಸ್ವಲ್ಪ ಬ್ಯಾರೆ. ಇಂಗ್ಲಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅನ್ನೋ ಡಾಕ್ಟರರು 2011ರಾಗ 11 ಮಂದಿಗೆ ದಿನಕ್ಕ 600 ಕ್ಯಾಲರಿಯ ಪಥ್ಯ ಕೊಟ್ರು. ಏಳು ದಿನದಾಗ ಮುಂಜಾನಿಯ ಶುಗರ್ ಸರಿ ಆತು. ಯಾಕಂದ್ರ ಲಿವರ್‌ನ್ಯಾಗ ತುಂಬಿದ್ದ ಕೊಬ್ಬು ಮದಲ ಕರಗಿತು, ಲಿವರ್ ತನ್ನ ಸಕ್ಕರಿ ಡಬ್ಬಿಯನ್ನ ಮತ್ತ ಅಂಕಿಯಾಗ ಇಟ್ಟುಕೊಂಡಿತು. ನೋಡ್ರಿ, ಬರ್ನಾರ್ಡನ ಲಿವರ್ ಮತ್ತ ಬಂತು. ಆಮ್ಯಾಲೆ ದೊಡ್ಡ ಪ್ರಯೋಗದಾಗ, ಶುಗರ್ ಬಂದು ಆರು ವರ್ಷದ ಒಳಗಿನವರಿಗೆ ದಿನಕ್ಕ 850 ಕ್ಯಾಲರಿಯ ಆಸುಪಾಸು ಮೂರರಿಂದ ಐದು ತಿಂಗಳು ಕೊಟ್ರು. ಒಂದು ವರ್ಷಕ್ಕ ನೂರಕ್ಕ 46 ಮಂದಿ ಗುಳಿಗಿ ಇಲ್ಲದ ಶುಗರ್ ಸರಿ ಇಟ್ಟುಕೊಂಡ್ರು. 15 ಕಿಲೋ ಇಲ್ಲಾ ಅದಕ್ಕೂ ಹೆಚ್ಚು ಇಳಿಸಿದವರಾಗ ನೂರಕ್ಕ 86.

ಆದ್ರ ಆ ಪ್ರಯೋಗದಾಗ ಪಥ್ಯ ಸುರು ಮಾಡಿದ ಮದಲನೇ ದಿನಾನ ಡಾಕ್ಟರರು ಶುಗರ್ ಗುಳಿಗಿ, ಬಿಪಿ ಗುಳಿಗಿ ನಿಲ್ಲಿಸಿದ್ರು, ಕಣ್ಣಿಟ್ಟು ನೋಡಿಕೊಂಡ್ರು. ಇದನ್ನ ಯಾರೂ ಹೇಳೂದಿಲ್ಲ. 1942ರಾಗ ಫ್ರಾನ್ಸಿನ ಮಾಂಪೆಲಿಯೆದಾಗ ವಿಷಮಜ್ವರದವರಿಗೆ ಒಂದು ಹೊಸಾ ಸಲ್ಫಾ ಔಷಧ ಕೊಟ್ಟಾಗ, ಸಕ್ಕರಿ ಪಾತಾಳಕ್ಕ ಇಳದು ಕೆಲವರು ಸತ್ರು. ಹಂಗ ಯಾಕ ಆತು ಅಂತ ಹುಡುಕಿದಾಗ ಸಿಕ್ಕದ್ದ ಇನ್ಸುಲಿನ್ ಹೊರಗ ನೂಕೋ ಗುಳಿಗಿ. ನಮ್ಮ ಗ್ಲಿಮೆಪಿರೈಡ್ ಅದ ವಂಶದ್ದು. ಆ ಗುಳಿಗಿ ನುಂಗಿ ಉಪ್ಪಾಸ ಮಾಡಿದ್ರ, ಇಲ್ಲಾ ಒಮ್ಮೆಲೆ ಅನ್ನ ಭಕ್ರಿ ಬಿಟ್ರ, ಗುಳಿಗಿ ಸುಮ್ನ ಕೂಡೂದಿಲ್ಲ. ಬೆವರು, ನಡುಕ, ಕಣ್ಣು ಮಂಜು, ಮಾತು ತಡವರಿಸೋದು. 70ರ ಕೆಳಗ ಬಂತಂದ್ರ ಕೂಡಲೇ ಮೂರು ಚಮಚಾ ಸಕ್ಕರಿ ನೀರಾಗ ಕರಗಿಸಿ ಕುಡೀಬೇಕು, ಹದಿನೈದು ನಿಮಿಷ ಬಿಟ್ಟು ಮತ್ತ ನೋಡಬೇಕು. ದೊಡ್ಡ ವೈನಿ, ನಿಮ್ಮ ಗುಳಿಗಿ ಚೀಟಿ ನೋಡೇನಿ, ಅದರಾಗ ಗ್ಲಿಮೆಪಿರೈಡ್ ಅದ. ಆಷಾಢ ಏಕಾದಶಿಗೆ ನೀರೂ ಮುಟ್ಟೂದಿಲ್ಲ ಅಂತ ಹಟಾ ಹಿಡೀಬ್ಯಾಡ್ರಿ, ಹಿಂದಿನ ವಾರ ಹೋಗಿ ಡಾಕ್ಟರನ್ನ ಕೇಳ್ಕೊಂಡು ಬರೋಣು, ನಾನೂ ಬರ್ತೀನಿ.